ದೇವರ ಜಗಲಿಯ ಮೇಲಿನ ಡಿಸ್ಕ್

ಅನುರಾಧಾ ತೀರಿಕೊಂಡು ಎರಡು ವರ್ಷ ತುಂಬಲು ಇನ್ನೊಂದು ತಿಂಗಳಿತ್ತು. ಅವಳು ಕಂಪ್ಯೂಟರ್ ಕಲಿಸುತ್ತಿದ್ದ ತಿಕೋಟಾದ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ನಂದಾ ಒಂದು ರವಿವಾರ ಮುಂಜಾನೆ ಜಲನಗರದ ಮನೆಗೆ ಬಂದರು. ಅನುರಾಧಾಳ ತಂದೆ ಅಮರಪ್ಪ ಮಾಸ್ತರರು ಆಗತಾನೆ ಲಿಂಗಪೂಜೆ ಮುಗಿಸಿ ಎದ್ದಿದ್ದರು.

"ಸರ, ನಮ್ಮ ಅನುರಾಧಾ ಹುಡುಗರ ಸಲುವಾಗಿ ಒಂದ ಪುಸ್ತಕ ಬರೀತಿದ್ಲಲ್ರಿ, ಗಣಕ ಕಟ್ಟಿದವರ ಕತಿ. ಪುಣ್ಯಸ್ಮರಣಿ ದಿನ ಅದನ್ನ ಅಚ್ಚು ಹಾಕಿಸಿ ಹುಡುಗರಿಗೆ ಹಂಚಬೇಕಂತ ಮಾಡೇವ್ರಿ. ಬರದದ್ದು ನಿಮ್ಮ ಹಂತ್ಯಾಕ ಐತೇನ್ರಿ?"

"ಐತ್ರಿ," ಎಂದರು ಮಾಸ್ತರರು. "ಪೂರಾ ಐತಿ. ದೇವರ ಕೂಡ ಇಟ್ಟೇನಿ."

ನಂದಾ ಜಗಲಿಯ ಕಡೆ ನೋಡಿದರು. ಬಸವಣ್ಣನ ಫೋಟೊದ ಪಕ್ಕದಲ್ಲಿ ಅಂಗೈಯಗಲದ ಒಂದು ಲೋಹದ ಡಬ್ಬಿ ಇತ್ತು. ಅದರ ಮೇಲೆ ಮೂರು ಬೆರಳಿನ ವಿಭೂತಿ, ಅಂಚಿಗೆ ಒಂದು ಸೇವಂತಿಗೆ. ಅದು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಎಂದು ತಿಳಿಯಲು ನಂದಾ ಅವರಿಗೆ ತುಸು ಹೊತ್ತು ಬೇಕಾಯಿತು. ತಿಳಿದ ಮೇಲೆ ಕೈ ಮುಗಿದರು.

ಅನುರಾಧಾಳ ಹಳೆಯ ಕಂಪ್ಯೂಟರ್ ಕೆಟ್ಟಾಗ ರಿಪೇರಿ ಅಂಗಡಿಯ ಜಿಲಾನಿ ಡಿಸ್ಕನ್ನು ಬಿಚ್ಚಿ ಅವಳ ಕೈಗೆ ಕೊಟ್ಟಿದ್ದ. ನಿನ್ನ ಬರಹವೆಲ್ಲ ಇದರೊಳಗೆ ಇದೆಯಕ್ಕಾ, ಹೊಸ ಮಶೀನು ತಂದಾಗ ಕೂಡಿಸಿಕೊಡುತ್ತೇನೆ ಅಂದಿದ್ದ. ಹೊಸ ಮಶೀನು ಬರುವ ಮೊದಲೇ ಅವಳಿಗೆ ಜ್ವರ ಬಂತು. ಹತ್ತು ದಿನ ದವಾಖಾನೆಯಲ್ಲಿದ್ದಳು, ಹನ್ನೊಂದನೆಯ ದಿನ ಇಲ್ಲವಾದಳು. ಅವಳ ಚೀಲದಲ್ಲಿ ಈ ಡಬ್ಬಿ ಸಿಕ್ಕಿತು.

ಮಾಸ್ತರರು ಹುಟ್ಟಿದ್ದು ಕಾಖಂಡಕಿಯ ಒಕ್ಕಲು ಮನೆಯಲ್ಲಿ. ದಸರೆಯ ಖಂಡೆಪೂಜೆಯ ದಿನ ಅಲ್ಲಿ ಕುಡಗೋಲು, ಕೊಡಲಿ, ನೇಗಿಲಿನ ಕುಳ ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ ಸಾಲಾಗಿ ಇಡುತ್ತಿದ್ದರು. ಯಾವುದರಿಂದ ದುಡಿದೆವೋ ಅದೇ ದೇವರು ಎಂದು ತಂದೆ ಕಲಿಸಿದ್ದ. ಮಗಳು ದುಡಿದದ್ದು ಇದರಿಂದ. ಅದನ್ನು ಮೂಲೆಯಲ್ಲಿ ಹೇಗೆ ಬಿಸಾಡುವುದು? ಒದ್ದೆ ಬಟ್ಟೆಯಿಂದ ಒರೆಸಿ ಜಗಲಿಯ ಮೇಲೆ ಇಟ್ಟರು. ಪ್ರತಿ ಸೋಮವಾರ ವಿಭೂತಿ ಹಚ್ಚಿದರು.

ಡಬ್ಬಿಯ ಮೇಲೆ ಒಂದು ಸಣ್ಣ ತೂತಿತ್ತು. ಅದನ್ನು ಮುಚ್ಚಬಾರದೆಂದು ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಮಾಸ್ತರರು ಅದನ್ನು ಓದಿ ತಪ್ಪದೆ ಪಾಲಿಸಿದರು. ತೂತಿನ ಮೇಲೆ ಒಂದು ದಿನವೂ ಹೂವಿಡಲಿಲ್ಲ. ಊದಬತ್ತಿಯ ಕಡ್ಡಿಯನ್ನು ಮಾತ್ರ ಅದರಲ್ಲಿ ನಿಲ್ಲಿಸುತ್ತಿದ್ದರು. ಅಳತೆ ತೆಗೆದು ಮಾಡಿದಂತೆ ಕಡ್ಡಿ ಅಲ್ಲಿ ನೆಟ್ಟಗೆ ಕೂಡುತ್ತಿತ್ತು.

ಮರುದಿನವೇ ಡಿಸ್ಕನ್ನು ಬಿಳಿ ಟವೆಲ್ಲಿನಲ್ಲಿ ಸುತ್ತಿಕೊಂಡು ಮಾಸ್ತರರು ಜಿಲಾನಿಯ ಅಂಗಡಿಗೆ ಹೋದರು. ಅರಕೇರಿಯ ಸಾಲೆಯಲ್ಲಿ ಅವರ ಕೈಯಲ್ಲಿ ಕಲಿತವನು ಅವನು.

"ಬರ್ರಿ ಸರ, ಕೂಡ್ರಿ. ಚಾ ತರಸಲ್ರಿ?"

"ಚಾ ಬ್ಯಾಡೋ. ನಮ್ಮ ಅನೂಂದು ಇದು. ಬರದದ್ದು ತಗದ ಕೊಡು."

ಜಿಲಾನಿ ಟವೆಲ್ ಬಿಚ್ಚಿದ. ವಿಭೂತಿ ನೋಡಿ ಅವನ ಮುಖದ ಮೇಲಿನ ನಗೆ ಇಳಿಯಿತು. ಆದರೂ ಹಲ್ಲುಜ್ಜುವ ಒಂದು ಬ್ರಶ್ ತೆಗೆದು ಮೆಲ್ಲಗೆ ಒರೆಸಿದ. ಮಶೀನಿಗೆ ಜೋಡಿಸಿದಾಗ ಡಬ್ಬಿಯೊಳಗಿಂದ ಗೋಡೆಗೆ ಉಗುರು ಕೆರೆದಂಥ ಸಪ್ಪಳ ಬಂತು. ಅವನು ತಟ್ಟನೆ ವಾಯರ್ ಕಿತ್ತ.

"ಪುಣೆದಾಗ ಒಬ್ಬರು ಇಂಥಾವು ನೋಡತಾರ್ರಿ. ಅಲ್ಲಿಗೆ ಕಳಸತೇನಿ. ಎರಡ ವಾರ ತಡೀರಿ."

ಆ ಎರಡು ವಾರ ಮಾಸ್ತರರ ಮನಸ್ಸು ಒಂದೇ ಕಡೆ ಸುತ್ತಿತು. ಅವರು ಆ ಪುಸ್ತಕವನ್ನು ಪೂರಾ ಓದಿರಲಿಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದ ತಂದೆ ಮನೆಯಲ್ಲಿರುವಾಗ ಮಗಳು ಮತ್ತಾರಿಗೆ ತೋರಿಸುತ್ತಾಳೆ? ಮೊದಲ ಅಧ್ಯಾಯದ ನಾಲ್ಕು ಹಾಳೆ ತಂದು ಕೈಗೆ ಕೊಟ್ಟಿದ್ದಳು. ಅವರು ಕೆಂಪು ಪೆನ್ನು ಹಿಡಿದು ಕೂತರು. ಅವಳ ಅಜ್ಜಿಯ ಮಗ್ಗದ ಸಂಗತಿ ಬಂದಲ್ಲಿ ಉದ್ದಕ್ಕೆ ಗೆರೆ ಹೊಡೆದು, 'ಪಾಠದಲ್ಲಿ ಮನೆಯ ಮಾತು ಬೇಡ' ಎಂದು ಬದಿಗೆ ಬರೆದರು. ಅನುರಾಧಾ ಹಾಳೆಗಳನ್ನು ಮಡಚಿಕೊಂಡು ಹೋದಳು. ಎರಡನೆಯ ಅಧ್ಯಾಯವನ್ನು ತರಲಿಲ್ಲ. ಇವರೂ ಕೇಳಲಿಲ್ಲ.

ಆದರೂ ರೊಟ್ಟಿ ಬಡಿಯುತ್ತ ತಾಯಿಗೆ ಹೇಳುತ್ತಿದ್ದಳು. ಅರ್ಧಮರ್ಧ ಅವರ ಕಿವಿಗೂ ಬಿದ್ದಿತ್ತು. ಯುದ್ಧದಲ್ಲಿ ಶತ್ರುವಿನ ಗುಪ್ತಲಿಪಿ ಬಿಡಿಸಲು ದುಡಿದು, ಕಡೆಗೆ ತನ್ನ ದೇಶದವರಿಂದಲೇ ಶಿಕ್ಷೆ ಉಂಡು ನಲವತ್ತೊಂದಕ್ಕೆ ಸತ್ತ ಟ್ಯೂರಿಂಗ್. ಮನುಷ್ಯರ ಮಾತಿಗೆ ಹತ್ತಿರವಾದ ಶಬ್ದಗಳಲ್ಲಿ ಯಂತ್ರಕ್ಕೆ ಅಪ್ಪಣೆ ಕೊಡಬಹುದೆಂದು ಹಟ ಹಿಡಿದ, ನೌಕಾಪಡೆಯ ಗ್ರೇಸ್ ಹಾಪರ್. ಯಂತ್ರ ಹುಟ್ಟುವ ಮೊದಲೇ ಅದರ ಲೆಕ್ಕದ ದಾರಿ ಬರೆದಿಟ್ಟ ಏಡಾ. "ಮೂವತ್ತಾರಕ್ಕs ಹೋಗಿಬಿಟ್ಲವಾ," ಎಂದು ಒಮ್ಮೆ ಅಂದಿದ್ದಳು. ಅನುರಾಧಾ ಹೋದದ್ದು ಮೂವತ್ತೆಂಟಕ್ಕೆ. ಶಿವ ಎರಡು ವರ್ಷ ಹೆಚ್ಚು ಕೊಟ್ಟ ಎಂದು ಮಾಸ್ತರರು ಎಣಿಸಿಕೊಂಡರು. ಆ ಎಣಿಕೆಯಿಂದ ಸಮಾಧಾನ ಸಿಗಲಿಲ್ಲ. ಪುಸ್ತಕ ಬರಲಿ, ಈ ಸಲ ಪೆನ್ನು ಹಿಡಿಯದೆ ಓದುತ್ತೇನೆ ಎಂದು ದೇವರೆದುರು ಹೇಳಿಕೊಂಡರು.

ಹದಿನಾರನೆಯ ದಿನ ಜಿಲಾನಿ ಫೋನ್ ಮಾಡಿ ಕರೆದ. ಡಿಸ್ಕಿನ ಮುಚ್ಚಳ ತೆಗೆದು ಮೇಜಿನ ಮೇಲೆ ಇಟ್ಟಿದ್ದ. ಒಳಗೆ ಕನ್ನಡಿಯಂಥ ದುಂಡನೆಯ ತಟ್ಟೆ. ಅದರ ಮೇಲೆ ಸುತ್ತಲೂ ಕೆರೆದ ಬಿಳಿ ಗೆರೆಗಳು.

"ಏನೂ ಸಿಗಲಿಲ್ರಿ ಸರ."

"ಒಂದ ಹಾಳಿನೂ?"

"ಒಂದ ಅಕ್ಷರಾನೂ ಇಲ್ರಿ." ಅವನು ಮುಚ್ಚಳವನ್ನು ಬೆಳಕಿಗೆ ಹಿಡಿದ. "ಈ ತೂತು ಉಸಿರಾಡಾಕ ಇರೂದ್ರಿ. ಒಳಗ ಗಾಳಿ ಸೋಸಾಕ ತೆಳ್ಳನ ಪರದೆ ಇರತೈತಿ. ಅದು ಹರದೈತಿ. ಏನೋ ಚುಚ್ಯಾರ್ರಿ. ಬೂದಿ, ನೀರಿನ ಪಸಿ ಒಳಗ ಇಳದೈತಿ. ಸರ, ಮನ್ಯಾಗ ಸಣ್ಣ ಹುಡುಗರು ಅದಾರೇನ್ರಿ?"

ಮಾಸ್ತರರು ಕೈ ಚಾಚಿ ಆ ತೂತನ್ನು ಬೆರಳಿನಿಂದ ಮುಟ್ಟಿದರು.

"ಇಲ್ಲಪಾ. ನಾನs ಚುಚ್ಚೇನಿ. ಊದಬತ್ತಿ ಹಚ್ಚತಿದ್ದೆ."

ಜಿಲಾನಿ ತಲೆ ತಗ್ಗಿಸಿದ. ಮುಚ್ಚಳವನ್ನು ಕೆಳಗಿಟ್ಟು, "ತಪ್ಪು ನಂದೂ ಐತ್ರಿ," ಎಂದ. "ನಾ ಆವತ್ತ ಜೋಡಿಸಿ ನೋಡಬಾರದಿತ್ತು. ಉಳದದ್ದನ್ನೂ ಕೆರಕೊಂಡು ಹೋತು."

"ನೀ ಒರಸಿದಿ. ನಾ ಹಚ್ಚಿದ್ದೆ," ಎಂದು ಮಾಸ್ತರರು ಡಿಸ್ಕನ್ನು ಅಲ್ಲೇ ಬಿಟ್ಟು ಎದ್ದರು.

ಮನೆಯಲ್ಲಿ ರೇಣುಕವ್ವ ಜೋಳ ಹಸನು ಮಾಡುತ್ತ ಕೂತಿದ್ದರು. ಗಂಡನ ಮುಖ ನೋಡಿ ಮೊರ ಕೆಳಗಿಟ್ಟರು. ಮಾಸ್ತರರು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿದರು. ವಿಭೂತಿ, ಕಡ್ಡಿ, ಬೂದಿ, ಒಂದನ್ನೂ ಮುಚ್ಚಿಡಲಿಲ್ಲ. ರೇಣುಕವ್ವ ಮೊರದಲ್ಲಿನ ಒಂದೆರಡು ಹರಳು ಆರಿಸಿ ಆಚೆ ಹಾಕಿದರು. ಆಮೇಲೆ ಎದ್ದು ಒಳಗೆ ಹೋಗಿ ಟ್ರಂಕಿನ ಮುಚ್ಚಳ ತೆಗೆದರು. ಇಳಕಲ್ ಸೀರೆಯೊಂದರ ಮಡಿಕೆಯಿಂದ ನಾಲ್ಕು ಹಾಳೆ ತಂದು ಗಂಡನ ಕೈಗಿಟ್ಟರು.

"ಇದನ್ನರ ಓದ್ರಿ. ಇದರಾಗ ನಮ್ಮವ್ವನ ಹೆಸರ ಐತಿ ಅಂತ ಅಂದಿದ್ಲು. ಒಲಿಗೆ ಹಾಕಾಕ ಹೊಂಟಿದ್ಲು, ನಾ ಕಸಗೊಂಡ ಇಟ್ಟೆ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಮತ್ತ ಪೆನ್ ತಗೊಂಡ ಕೂಡ್ತಿದ್ರಿ."

ಮಾಸ್ತರರು ಕನ್ನಡಕ ಹಾಕಿಕೊಂಡರು. ಎರಡು ಸಾಲು ಓದಿದ ಮೇಲೆ ಸ್ವರ ನಿಂತಿತು.

"ಯಾಕ ನಿಂತ್ರಿ?"

"ಇಲ್ಲಿ ಗೆರಿ ಹೊಡದೇನಿ."

"ಗೆರಿ ಕೆಳಗ ಅಕ್ಷರ ಕಾಣೂದಿಲ್ಲೇನು?"

"ಕಾಣತಾವು."

"ಹಂಗಾರ ಓದ್ರಿ."

ಅವರು ಓದಿದರು. 'ನಮ್ಮ ಅಜ್ಜಿ ಗುರುಬಸವ್ವ ಮಗ್ಗದ ಮುಂದೆ ಕೂಡುತ್ತಿದ್ದಳು. ಮಗ್ಗದ ಮೇಲೆ ತೂತು ಕೊರೆದ ರಟ್ಟುಗಳ ಸರ ತೂಗುತ್ತಿತ್ತು. ತೂತಿದ್ದಲ್ಲಿ ಎಳೆ ಮೇಲೇಳುತ್ತಿತ್ತು, ಇಲ್ಲದಲ್ಲಿ ಕೆಳಗೇ ಉಳಿಯುತ್ತಿತ್ತು. ಸೆರಗಿನಲ್ಲಿ ಹೂವು ಮೂಡುತ್ತಿದ್ದುದು ಹಾಗೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಆ ರಟ್ಟುಗಳನ್ನು ಅವಳು ಓದುತ್ತಿದ್ದಳು. ಮಕ್ಕಳೇ, ಲಂಡನ್ನಿನ ಬ್ಯಾಬೇಜ್ ಎಂಬ ಗಣಿತಜ್ಞನು ಇಂಥ ರಟ್ಟುಗಳಿಂದಲೇ ಲೆಕ್ಕದ ಯಂತ್ರವನ್ನು ನಡೆಸಬೇಕೆಂದು ಹೊರಟನು.'

ರೇಣುಕವ್ವ ಸೆರಗಿನಿಂದ ಮುಖ ಒರೆಸಿಕೊಂಡರು. "ನಮ್ಮವ್ವ ಹಂಗs ಇದ್ಲು," ಎಂದರು. "ಮುಂದ ಓದ್ರಿ."

ನಾಲ್ಕನೆಯ ಹಾಳೆ ಮುಗಿದಾಗ ರೇಣುಕವ್ವ ಮತ್ತೆ "ಮುಂದ?" ಎಂದು ಕೇಳಿದರು. ಕೇಳಿದ ಮೇಲೆ ತಾವೇ ಎದ್ದು ಒಳಗೆ ಹೋದರು.

ಸೋಮವಾರ ಪೂಜೆಯಾದ ಮೇಲೆ ಜಗಲಿಯ ಮೇಲೆ ಡಿಸ್ಕಿದ್ದ ಆ ಒಂದು ಜಾಗ ಖಾಲಿಯೇ ಉಳಿಯಿತು. ಅಲ್ಲಿ ಏನಿಡಬೇಕೆಂದು ಮಾಸ್ತರರಿಗೆ ತೋಚಲಿಲ್ಲ. ಅಂದು ಊದಬತ್ತಿಯನ್ನೂ ಹಚ್ಚಲಿಲ್ಲ. ನಂದಾ ಅವರಿಗೆ ಕೊಡಲೆಂದು ಬಿಳಿ ಹಾಳೆ ತೆಗೆದು ನಾಲ್ಕೂ ಪುಟಗಳನ್ನು ನಕಲು ಮಾಡಲು ಕೂತರು. ತಾವು ಗೆರೆ ಹೊಡೆದದ್ದನ್ನೂ ಬಿಡದೆ ಬರೆದರು. ಒಂದೆರಡು ಕಡೆ ಇದಕ್ಕಿಂತ ಒಳ್ಳೆಯ ಮಾತು ಇತ್ತಲ್ಲ ಎಂದು ಕೈ ನಿಂತಿತು. ಅಲ್ಲಿಯೂ ಅವಳ ಮಾತನ್ನೇ ಬರೆದರು.

ಬ್ಯಾಬೇಜನ ಆ ಯಂತ್ರ ಅವನ ಆಯುಷ್ಯದಲ್ಲಿ ಪೂರ್ತಿಯಾಗಲಿಲ್ಲ ಎಂಬಲ್ಲಿಗೆ ಅನುರಾಧಾಳ ನಾಲ್ಕನೆಯ ಹಾಳೆ ಮುಗಿದಿತ್ತು. ಮಾಸ್ತರರು ಅದರ ಕೆಳಗೆ ಏನನ್ನೂ ಸೇರಿಸಲಿಲ್ಲ.