ಐದಕ್ಕೆ ಐದು

“ಐದು ಪದ ಹೇಳ್ತೀನಿ. ಕೇಳಿಸ್ಕೊಂಡು ಹಾಗೇ ವಾಪಸ್ ಹೇಳ್ಬೇಕು. ಅವಸರ ಬೇಡ,” ಎಂದರು ಡಾಕ್ಟರು.

ಕೋಚ್‌ನ ಭಾಮೈದ ಮಸಾಜಿನ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ರೆಕ್ಸಿನ್ ಹರಿದ ಕಡೆ, ಯಾರ್ಯಾರದೋ ಬೆವರು ಕುಡಿದು ಕಪ್ಪಾದ ಸ್ಪಂಜು ಕಾಣುತ್ತಿತ್ತು. ಕೋಣೆಯ ತುಂಬ ನೋವಿನ ಮುಲಾಮು, ಒದ್ದೆ ಸಾಕ್ಸು, ಬಾಯಿಂದ ತೆಗೆದಿಟ್ಟ ಹಲ್ಲಿನ ಕವಚಗಳ ಹುಳಿ ವಾಸನೆ. ಇಪ್ಪತ್ತು ವರ್ಷ ಇದೇ ವಾಸನೆಯಲ್ಲಿ ಬದುಕಿದ್ದ ಕೋಚ್ ಇವತ್ತು ಮೂಗು ಮುಚ್ಚಿಕೊಂಡು ಬಾಗಿಲಿಗೆ ಒರಗಿ ನಿಂತ.

ಕಳೆದ ಶನಿವಾರ ಎದುರಾಳಿಯೊಬ್ಬನ ಮೊಣಕಾಲು ಭಾಮೈದನ ಕಿವಿಯ ಮೇಲೆ ಬಡಿದಿತ್ತು. ಎದ್ದವನು ನೇರ ಹೋಗಿ ಎದುರು ತಂಡದ ಸಾಲಿನಲ್ಲಿ ನಿಂತುಬಿಟ್ಟಿದ್ದ. ಜನ ಬಿದ್ದು ಬಿದ್ದು ನಕ್ಕಿದ್ದರು. ತಲೆಗೆ ಅಂಥ ಏಟು ತಿಂದವನು ಡಾಕ್ಟರ ಪರೀಕ್ಷೆ ಪಾಸಾಗದೆ ಮತ್ತೆ ಇಳಿಯುವಂತಿಲ್ಲ. ಇವತ್ತು ಮಧ್ಯಾಹ್ನ ರಗ್ಬಿ ಸೆಮಿಫೈನಲ್. ಎಂಟು ಜನ ಎಂಟು ಜನರಿಗೆ ತಲೆ ಕೊಟ್ಟು ನೂಕುವ ಸ್ಕ್ರಮ್‌ನ ನಟ್ಟನಡುವೆ ಅಲುಗಾಡದೆ ನಿಲ್ಲಬಲ್ಲವನು ತಂಡದಲ್ಲಿ ಇವನೊಬ್ಬನೇ. ಅದಕ್ಕೇ ಎಲ್ಲರೂ ಇವನನ್ನು ಗೂಟ ಎಂದು ಕರೆಯುತ್ತಿದ್ದರು.

ಗುರುವಾರ ಬೆಳಿಗ್ಗೆ ಕೋಚ್ ಇವನನ್ನು ತನ್ನ ಅಡಿಗೆಮನೆಯಲ್ಲಿ ಕೂರಿಸಿಕೊಂಡು ಪಾಠ ಹೇಳಿಕೊಟ್ಟಿದ್ದ. ಡಾಕ್ಟರ ಹತ್ತಿರ ಇದ್ದದ್ದು ಒಂದೇ ಹಾಳೆ. ಹದಿನೈದು ವರ್ಷದಿಂದ ಅವೇ ಐದು ಪದ. ಕೋಚ್ ದೇಶಕ್ಕಾಗಿ ನಲವತ್ತೊಂದು ಪಂದ್ಯ ಆಡಿದ್ದ. ಆಗ ರಾಷ್ಟ್ರ ತಂಡದ ಡಾಕ್ಟರೂ ಇವರೇ. ತಲೆಗೆ ಏಟು ತಿಂದು ಮೂರು ಸಲ ಕೋಚ್ ಆ ಪದಗಳನ್ನು ಬಾಯಿಪಾಠ ಒಪ್ಪಿಸಿಯೇ ಮೈದಾನಕ್ಕೆ ಇಳಿದಿದ್ದ.

“ಚಮಚ ಕುದುರೆ ಬಾಗಿಲು ಉಪ್ಪು ಹಗ್ಗ,” ಎಂದು ಭಾಮೈದ ಮಗ್ಗಿ ಹೇಳುವಂತೆ ಹೇಳಿದ್ದ.

“ಅಷ್ಟು ಬೇಗ ಅಲ್ವೋ. ಎರಡಾದ್ಮೇಲೆ ಸ್ವಲ್ಪ ತಡಿ. ಹಣೆ ಉಜ್ಜು. ನೆನಪು ಮಾಡ್ಕೊಳ್ತಾ ಇರೋ ಹಾಗೆ ಕಾಣ್ಬೇಕು.”

“ನೀನು ನಾಟಕದ ಕಂಪನಿ ಸೇರ್ಬೇಕಿತ್ತು ಭಾವ.”

ಹೆಂಡತಿ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ತಾಯಿ ಸತ್ತ ಮೇಲೆ ಈ ತಮ್ಮನನ್ನು ಸಾಕಿದವಳು ಅವಳೇ. “ಅದೇನ್ರೀ ಬೆಳಿಗ್ಗೆಯಿಂದ ಇಬ್ರೂ ಚಮಚ ಕುದುರೆ ಅಂತ?” ಎಂದಳು.

“ಜ್ಞಾಪಕಶಕ್ತಿಗೆ ವ್ಯಾಯಾಮ ಕಣೆ.”

“ಡಾಕ್ಟರು ಸರಿ ಅಂದ್ರೆ ತಾನೇ ಇವನನ್ನ ಆಡ್ಸೋದು?”

“ಮತ್ತಿನ್ನೇನು? ಅವರು ಹೇಳ್ದೆ ನಾನು ಇಳಿಸ್ತೀನಾ?”

ಅವಳು ನಂಬಿದಳು.

ಈಗ ಡಾಕ್ಟರು ಕನ್ನಡಕ ಏರಿಸಿಕೊಂಡು ಚೀಲದಿಂದ ಹಾಳೆ ತೆಗೆದರು. ಹೊಸ ಹಾಳೆ, ಅಂಚು ಕೂಡ ಮಡಚಿರಲಿಲ್ಲ. ಒಂದೊಂದಾಗಿ ಓದಿದರು: “ಮೋಡ. ಸೂಜಿ. ಗಿಳಿ. ಕನ್ನಡಿ. ಇಟ್ಟಿಗೆ.”

ಕೋಚ್‌ನ ಬೆನ್ನು ಬಾಗಿಲು ಬಿಟ್ಟಿತು.

ಭಾಮೈದ ಕಣ್ಣು ಕಿರಿದು ಮಾಡಿ ಸೂರು ನೋಡಿದ. “ಚಮಚ,” ಎಂದ. “ಕುದುರೆ...” ಅಲ್ಲಿ ನಿಲ್ಲಿಸಿದ. ಹಣೆ ಉಜ್ಜಿಕೊಂಡ. “ಹಾಂ, ಬಾಗಿಲು. ಉಪ್ಪು. ಹಗ್ಗ.” ಭಾವನ ಕಡೆ ತಿರುಗಿ ಕಣ್ಣು ಹೊಡೆದ.

ಪಕ್ಕದ ಕೋಣೆಯಲ್ಲಿ ಯಾರೋ ಮೊಳೆಬೂಟು ಹಾಕಿಕೊಂಡು ಸಿಮೆಂಟಿನ ಮೇಲೆ ಓಡಾಡುತ್ತಿದ್ದರು. ಡಾಕ್ಟರು ಹಾಳೆ ನೋಡಿದರು, ಅವನನ್ನು ನೋಡಿದರು, ಪೆನ್ನು ತೆಗೆದರು.

“ಐದಕ್ಕೆ ಐದು,” ಎಂದು ಬರೆದುಕೊಂಡರು.

“ನೋಡಿದ್ಯಾ ಭಾವ!” ಭಾಮೈದ ಕೆಳಗೆ ಧುಮುಕಿದ. ಒಂದು ಕ್ಷಣ ಮಂಚ ಹಿಡಿದುಕೊಂಡು ನಿಂತ. ಆಮೇಲೆ ಹೊರಗೆ ಹೋದ.

“ಅವನು ಹೇಳಿದ್ದು ಹಳೇ ಹಾಳೇದು,” ಎಂದ ಕೋಚ್.

“ಗೊತ್ತಪ್ಪ. ಸಂಘದವರು ಹೋದ ವಾರ ಇದನ್ನ ಕಳಿಸಿದ್ರು. ನಿನಗೆ ಹೇಳೋಕೆ ಮರ್ತೆ.”

“ನನಗಾ?”

“ಮತ್ಯಾರಿಗೆ? ನೀನೂ ಹೀಗೇ ಅಲ್ವಾ ಹೇಳ್ತಾ ಇದ್ದಿದ್ದು? ಒಂದು ಸಲ ಅಂತೂ ನಾನು ಬಾಯಿ ತೆಗೆಯೋಕೆ ಮುಂಚೇನೇ ಐದೂ ಹೇಳಿ ಕೂತೆ. ನೆನಪಿಲ್ವಾ?” ಡಾಕ್ಟರು ಪ್ರೀತಿಯಿಂದಲೇ ನಕ್ಕರು. “ಅವತ್ತು ನಿನ್ನ ಹೊರಗೆ ಕೂರ್ಸಿದ್ದಿದ್ರೆ ನನ್ನ ಮನೆಗೆ ಕಲ್ಲು ಬೀಳ್ತಿತ್ತು ಕಣಯ್ಯ.”

ನೆನಪಿರಲಿಲ್ಲ. ಆ ಪಂದ್ಯವೂ ನೆನಪಿರಲಿಲ್ಲ. ಅವನ ಜೀವಮಾನದ ಆಟ ಎಂದು ಪತ್ರಿಕೆಗಳು ಬರೆದಿದ್ದವು. ಆಮೇಲೆ ವಿಡಿಯೋದಲ್ಲಿ ನೋಡಿದ್ದ, ಬೇರೆಯವರ ಮದುವೆ ನೋಡಿದ ಹಾಗೆ. ಅದೇ ವಾರ ಮಗಳು ಹುಟ್ಟಿದ್ದು. ಅವಳನ್ನು ಎತ್ತಿಕೊಂಡಿದ್ದೆ ಎಂಬುದು ಫೋಟೋದಿಂದ ಗೊತ್ತು. ಡಾಕ್ಟರಿಗೆ ಟೋಪಿ ಹಾಕಿದೆ ಎಂದು ಇಷ್ಟು ವರ್ಷ ಸ್ನೇಹಿತರ ನಡುವೆ ಹೇಳಿಕೊಂಡು ನಕ್ಕಿದ್ದ. ಬಾಯಲ್ಲಿ ಎಂಜಲು ತುಂಬಿತು. ಉಗುಳಲು ಜಾಗ ಹುಡುಕಿದ. ಸಿಗದೆ ನುಂಗಿದ.

ಹೊರಗೆ ಕ್ಲಬ್ಬಿನ ಅಧ್ಯಕ್ಷರು ಎತ್ತು ಕೊಳ್ಳಲು ಬಂದವರಂತೆ ಭಾಮೈದನ ತೊಡೆ ತಟ್ಟಿ ನೋಡುತ್ತಿದ್ದರು.

“ಗೂಟ ಅಲ್ಲಾಡಲ್ಲ ತಾನೇ?”

“ಬುಡಸಮೇತ ಕಿತ್ರೂ ಅಲ್ಲಾಡಲ್ಲ ಸರ್.”

ಅಧ್ಯಕ್ಷರು ಗಹಗಹಿಸಿದರು. ಭಾಮೈದ ಬಟ್ಟೆ ಬದಲಿಸುವ ಕೋಣೆಗೆ ಹೋದ. ಕೋಚ್ ಗೋಡೆಗೆ ಅಂಟಿಸಿದ್ದ ಆಟಗಾರರ ಪಟ್ಟಿಯ ಮುಂದೆ ನಿಂತು, ಎರಡನೇ ಸಾಲಿನಲ್ಲಿದ್ದ ಭಾಮೈದನ ಹೆಸರಿನ ಮೇಲೆ ಗೀಟು ಎಳೆದ. ಪಕ್ಕದಲ್ಲಿ ಬದಲಿ ಆಟಗಾರನ ಹೆಸರು ಬರೆದ.

“ಏನ್ರೀ ಇದು? ಡಾಕ್ಟರು ಪಾಸ್ ಮಾಡಿದಾರಲ್ಲ!” ಎಂದರು ಅಧ್ಯಕ್ಷರು.

“ಅವರು ನನ್ನನ್ನೂ ಪಾಸ್ ಮಾಡಿದ್ರು.”

“ಒಗಟು ಬೇಡ. ಇವತ್ತು ಸೋತ್ರೆ ಸೋಮವಾರದಿಂದ ನೀವು ಈ ಕಡೆ ತಲೆ ಹಾಕ್ಬೇಡಿ.”

“ಆಯ್ತು,” ಎಂದ ಕೋಚ್. ದೊಡ್ಡದೇನೋ ಮಾಡಿದೆ ಎಂದು ಅವನಿಗೆ ಅನಿಸಲಿಲ್ಲ. ಅನ್ನದಲ್ಲಿ ಬಂದ ಕೂದಲನ್ನು ಗಂಟಲಿನಿಂದ ಎಳೆದು ತೆಗೆಯುವಾಗ ಆಗುವಂಥದ್ದು ಮಾತ್ರ ಆಗುತ್ತಿತ್ತು. ಅದೂ ಪೂರ್ತಿ ಬಂದಿರಲಿಲ್ಲ.

ಭಾಮೈದ ಆಗಲೇ ಜರ್ಸಿ ಹಾಕಿಕೊಂಡಿದ್ದ. ಇವು ಚರ್ಮಕ್ಕೆ ಅಂಟಿಕೊಳ್ಳುವ ಜರ್ಸಿಗಳು. ಹಾಕಲು ಒಬ್ಬರ ಸಹಾಯ ಬೇಕು, ತೆಗೆಯಲೂ ಬೇಕು.

“ತೆಗಿ,” ಎಂದ ಕೋಚ್. “ನೀನು ಆಡ್ತಿಲ್ಲ.”

“ತಮಾಷೆ ಸಾಕು ಭಾವ. ಐದೂ ಸರಿ ಹೇಳಿದೀನಿ.”

“ಡಾಕ್ಟರು ಓದಿದ್ದು ಯಾವ ಪದ?”

“ಚಮಚ, ಕುದುರೆ...”

“ಅವು ನಾನು ಹೇಳ್ಕೊಟ್ಟಿದ್ದು. ಇವತ್ತು ಅವರು ಬೇರೆ ಓದಿದ್ರು. ಯಾವುದು?”

ಭಾಮೈದನ ಬಾಯಿ ತೆರೆಯಿತು. ಸುತ್ತ ಕೂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದ, ಯಾರಾದರೂ ಹೇಳಿಕೊಡಬಹುದೇನೋ ಎಂಬಂತೆ. ಯಾರೂ ನಗಲಿಲ್ಲ.

“ಥೂ!” ಎಂದ ಕೊನೆಗೆ. “ನೀನೇ ಕಲ್ಸಿ ನೀನೇ ಹಿಡ್ಕೊಡ್ತೀಯಾ? ಹೊಟ್ಟೆಕಿಚ್ಚು ನಿನಗೆ. ನೀನು ಆಡ್ಲಿಲ್ವಾ ತಲೆ ಒಡ್ಕೊಂಡು?”

“ಆಡ್ದೆ.”

“ಏನಾಯ್ತು ಈಗ? ಚೆನ್ನಾಗೇ ಇದೀಯಲ್ಲ!”

ಕೋಚ್ ಮುಂದೆ ಬಂದು ಜರ್ಸಿಯ ಅಂಚಿಗೆ ಕೈ ಹಾಕಿ ಮೇಲಕ್ಕೆ ಎಳೆದ. ಉಳಿದವರೆಲ್ಲ ಬಗ್ಗಿ ಬೂಟಿನ ದಾರ ಕಟ್ಟತೊಡಗಿದರು, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದರು. ಬಟ್ಟೆ ಭುಜದ ಹತ್ತಿರ ಸಿಕ್ಕಿಕೊಂಡಿತು. ಭಾಮೈದನ ಎರಡೂ ಕೈ ಮೇಲೆ, ಮುಖ ಒಳಗೆ. ಒಳಗಿನಿಂದಲೇ ಭಾವನನ್ನೂ ಭಾವನ ವಂಶವನ್ನೂ ಜಾಲಾಡಿದ. ಆಮೇಲೆ ಉಸಿರು ಮಾತ್ರ ಕೇಳಿಸಿತು.

ಕೋಚ್ ಇನ್ನಷ್ಟು ಎಳೆಯಲಿಲ್ಲ, ಕೈಯನ್ನೂ ಬಿಡಲಿಲ್ಲ. ಬಟ್ಟೆ ಮುಖಕ್ಕೆ ಮೆತ್ತಿಕೊಂಡು ಮೂಗಿನ ಆಕಾರ ಎದ್ದು ಕಾಣುತ್ತಿತ್ತು. ಬಾಯಿಯಿದ್ದ ಕಡೆ ಅದು ಒಳಕ್ಕೆ ಹೋಗುತ್ತಿತ್ತು, ಹೊರಕ್ಕೆ ಬರುತ್ತಿತ್ತು. ಅಲ್ಲಿ ತೇವದ ಒಂದು ಸುತ್ತು ನಿಧಾನವಾಗಿ ಅಗಲವಾಗುತ್ತಿತ್ತು.