ಒಂದೇ ಹೇರು

"ಇನ್ನೂ ಹಾಕಿ!" ಎಂದು ಖಮೈಸ್ ಟ್ರೇಲರಿನ ಬದಿಯನ್ನು ಅಂಗೈಯಿಂದ ಬಡಿದ. "ನನ್ನ ಮಬ್ರೂಕಾ ಎಳೀಲಾರದಂಥ ಸಾಮಾನು ಈ ಕೆಫ್ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹಾಕ್ರೇ, ಯಾಕೆ ನಿಂತ್ರಿ?"

ಮಬ್ರೂಕಾ ಎಂದರೆ ಅವನ ಪಿಕಪ್ಪು. ಒಂದು ಕಾಲಕ್ಕೆ ನೀಲಿ ಬಣ್ಣದ್ದಾಗಿತ್ತು. ಈಗ ಬಿಸಿಲು ತಿಂದು ಇಂಥದೇ ಬಣ್ಣ ಎಂದು ಹೇಳುವ ಹಾಗಿರಲಿಲ್ಲ. ಅದು ಬಂದ ಮೇಲೆ ಮನೆತನದ ಹೆಣ್ಣುಮಕ್ಕಳ ಮದುವೆ ಸಾಮಾನೆಲ್ಲ ಗಂಡನ ಮನೆ ಸೇರಿದ್ದು ಅದರ ಬೆನ್ನ ಮೇಲೆಯೇ. ಈ ಸಲ ಬೆನ್ನು ಸಾಲದೆಂದು, ಗೋಧಿ ಸಾಗಿಸುವ ನೆರೆಯವನ ಟ್ರೇಲರನ್ನು ಕೇಳಿ ತಂದು ಹಿಂದಿನ ಕೊಕ್ಕೆಗೆ ಸಿಕ್ಕಿಸಿದ್ದ.

ಸಾಮಾನು ಅವನ ತಂಗಿ ದಲೆಂದಾಳ ಮಗಳದು. ದಲೆಂದಾ ಅಂಗಳದ ನಡುವೆ ನಿಂತು ದಂಡನಾಯಕನ ಹಾಗೆ ಕೈಬೀಸುತ್ತಿದ್ದಳು. ಬೀರು, ಕಂಬಳಿಗಳು, ತಾಮ್ರದ ಹಂಡೆ, ಕುಸ್ಕುಸ್ ಬೇಯಿಸುವ ಜೋಡಿ ಪಾತ್ರೆ, ಕನ್ನಡಿ ಕೂರಿಸಿದ ಪೆಟ್ಟಿಗೆ ಎಲ್ಲ ಏರಿಯಾಗಿತ್ತು. ಹೊಸ ಫ್ರಿಜ್ಜನ್ನು ಟ್ರೇಲರಿನ ಕಟ್ಟಕಡೆಯ ಅಂಚಿಗೆ ತಂದು ನಿಲ್ಲಿಸಿದರು. ಮೆರವಣಿಗೆಯ ಹಿಂದೆ ಬರುವವರ ಕಣ್ಣಿಗೆ ಮೊದಲು ಬೀಳಬೇಕಾದ್ದು ಅದೇ ಎಂದು ದಲೆಂದಾಳ ಆಜ್ಞೆ. ಅದರ ಅಕ್ಕಪಕ್ಕ, ಅದರ ತಲೆಯ ಮೇಲೆ, ಉಣ್ಣೆಯ ಹಾಸಿಗೆಗಳು ಏರಿದವು. ಏರುತ್ತಲೇ ಇದ್ದವು.

"ಮಾಮ, ನಾಳೆ ಇನ್ನೊಂದು ಸಲ ಹೋದ್ರಾಯ್ತಲ್ಲ," ಎಂದು ಮದುಮಗಳು ನಜೀಬಾ ಮಾಳಿಗೆಯಿಂದ ಕೂಗಿದಳು. ಅವಳು ಗಂಡನ ಮನೆಗೆ ಹೋಗಲು ಇನ್ನೂ ದಿನವಿತ್ತು. ಇವತ್ತು ಹೋಗುವುದು ಸಾಮಾನು ಮಾತ್ರ.

ದಲೆಂದಾ ಮೆಲ್ಲಗೆ ತಲೆಯೆತ್ತಿ ನೋಡಿದಳು.

"ಇನ್ನೊಂದು ಸಲ ಅನ್ನೋ ಮಾತು ಈ ಮನೇಲಿ ಯಾರೂ ಎತ್ತಬಾರದು."

ಎಲ್ಲರಿಗೂ ಕಾರಣ ಗೊತ್ತಿತ್ತು. ದಲೆಂದಾಳ ಮದುವೆಯ ಹೊತ್ತಿಗೆ ತವರಿನಲ್ಲಿ ಇದ್ದದ್ದು ಕತ್ತೆಗಾಡಿ. ಸಾಮಾನು ಒಂದೇ ಸಲ ಹಿಡಿಸದೆ, ಅರ್ಧ ಇವತ್ತು, ಅರ್ಧ ನಾಳೆ ಎಂದು ಹೋಗಿತ್ತು. ಅತ್ತೆಮನೆಯ ಓಣಿಯ ಯಾವಳೋ ಒಬ್ಬಳು ಬಾಗಿಲಲ್ಲಿ ನಿಂತು, "ಅಯ್ಯೋ, ಸೊಸೆ ಕಂತಿನಲ್ಲಿ ಬರ್ತಿದ್ದಾಳೆ!" ಎಂದಳಂತೆ. ಅಲ್ಲಿಂದ ಮುಂದೆ ಆ ಓಣಿಗೆ ದಲೆಂದಾ ಎಂದರೆ ಕಂತಿನ ಸೊಸೆ. ಮಕ್ಕಳಾದರು, ಕೂದಲು ನೆರೆಯಿತು, ಹೆಸರು ಮಾತ್ರ ಹೋಗಲಿಲ್ಲ.

"ನಿನ್ನ ಮಗಳದು ಒಂದೇ ಹೇರು," ಎಂದ ಖಮೈಸ್. "ಮಾತು ಕೊಟ್ಟಿದ್ದೀನಿ. ಇನ್ನೂ ಹಾಕಿ!"

ಅವನ ಹೆಂಡತಿ ಮನ್ನೂಬಿಯಾ ಮುಂದಿನ ಸೀಟಿನಲ್ಲಿ ಆಗಲೇ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದಳು. "ರೀ, ಆ ಹಾಸಿಗೆ ಎತ್ತೋಕೆ ಇಬ್ಬಿಬ್ಬರು ಏದುಸಿರು ಬಿಡ್ತಿದಾರಲ್ಲ, ಒಳಗೆ ಉಣ್ಣೆ ಇದೆಯೋ ಕುರಿಗಳೇ ಇದಾವೋ?"

"ಒಳ್ಳೇ ಉಣ್ಣೆ ಅಂದ್ರೆ ಭಾರಾನೇ ಇರುತ್ತೆ ಅತ್ತಿಗೆ," ಎಂದು ದಲೆಂದಾ ಬೇಗ ಬೇಗ ಹೇಳಿ, ಹಗ್ಗ ಬಿಗಿಯುವವರ ಕಡೆ ತಿರುಗಿಬಿಟ್ಟಳು.

ಹೊರಟಿತು ಮೆರವಣಿಗೆ. ಪಿಕಪ್ಪಿನ ಹಿಂಬದಿಯಲ್ಲಿ ಬೀರುವಿನ ಸಂದಿಗೆ ಒತ್ತಿಕೊಂಡ ಹೆಂಗಸರು. ಅವರ ನಡುವೆ ಡೋಲಿನವ ಹತ್ತಾಬ್. ಊರು ದಾಟುವ ತನಕ ಹೆಂಗಸರು ನಾಲಗೆ ಹೊರಳಿಸಿ ಲೂಲೂ ಎಂದು ಕೂಗಿದ್ದೇ ಕೂಗಿದ್ದು. ಅಂಗಡಿಯವರು ಹೊರಗೆ ಬಂದು ಕೈಬೀಸಿದರು. ಖಮೈಸ್ ಒಂದು ಮೊಣಕೈಯನ್ನು ಕಿಟಕಿಯ ಹೊರಗೆ ಚಾಚಿ, ಸುಲ್ತಾನನ ಗತ್ತಿನಲ್ಲಿ ಎಲ್ಲರಿಗೂ ತಲೆಬಾಗಿಸಿದ. ಮಟ್ಟಸವಾದ ರಸ್ತೆಯಲ್ಲಿ ಮಬ್ರೂಕಾ ಸ್ವಲ್ಪ ಮುಲುಗಿದರೂ ಚೆನ್ನಾಗಿಯೇ ಎಳೆಯಿತು.

"ನೋಡ್ದೆಯಾ?" ಎಂದ ಹೆಂಡತಿಗೆ.

"ನೋಡ್ತಾ ಇದೀನಿ. ನೀವೂ ರಸ್ತೆ ನೋಡಿ."

ಹಳ್ಳದ ಇಳಿಜಾರು ಬಂತು. ಅಲ್ಲಿಂದ ಕೆಳಗೆ ಒಣಗಿದ ಹಳ್ಳ, ಅದನ್ನು ದಾಟಿದರೆ ಏರು, ಏರಿನ ನೆತ್ತಿಯ ಆಚೆ ಮತ್ತೆ ಇಳಿದರೆ ಬೀಗರ ಊರು. ಸಾವಿರ ಸಲ ಓಡಾಡಿದ ದಾರಿ. ಖಮೈಸ್ ಗೇರು ಇಳಿಸಿ, ಬ್ರೇಕಿನ ಮೇಲೆ ಕಾಲಿಟ್ಟ. ಮಬ್ರೂಕಾ ಮಾತು ಕೇಳಿ ನಿಧಾನವಾಗತೊಡಗಿತು. ಹಿಂದಿದ್ದದ್ದಕ್ಕೆ ಆ ಮಾತು ಕೇಳಿಸಿದಂತಿರಲಿಲ್ಲ. ಯಾರೋ ದಡೂತಿ ಮನುಷ್ಯ ಬೆನ್ನಿಗೆ ಭುಜ ಕೊಟ್ಟು, ನಡಿ ನಡಿ ಎಂದು ತಳ್ಳಿದ ಹಾಗಾಯಿತು.

ಕನ್ನಡಿಯಲ್ಲಿ ಫ್ರಿಜ್ಜು ಕಾಣಿಸಿತು. ಕಾಣಿಸಬಾರದಾಗಿತ್ತು, ಅದು ಟ್ರೇಲರಿನ ತುದಿಯಲ್ಲಿ, ಹಾಸಿಗೆಗಳ ಮರೆಯಲ್ಲಿತ್ತು. ಈಗ ಎಡದ ಕನ್ನಡಿಯಲ್ಲಿ ಇಣುಕಿ ಮಾಯವಾಯಿತು, ಆಮೇಲೆ ಬಲದ ಕನ್ನಡಿಯಲ್ಲಿ ಇಣುಕಿತು. ಟ್ರೇಲರು ನಾಯಿ ಬಾಲದಂತೆ ಬೀಸುತ್ತಿತ್ತು. ಪ್ರತಿ ಬೀಸಿಗೂ ಪಿಕಪ್ಪಿನ ಹಿಂಚಕ್ರ ನೆಲ ಬಿಟ್ಟು ಹಗುರಾಗುವುದು ಅವನ ಸೊಂಟಕ್ಕೇ ಗೊತ್ತಾಗುತ್ತಿತ್ತು. ಹಿಂಬದಿಯ ಹೆಂಗಸರು ಮಾತ್ರ ಮಬ್ರೂಕಾ ಖುಷಿಗೆ ಕುಣಿಯುತ್ತಿದೆ ಎಂದುಕೊಂಡು ಇನ್ನೂ ಜೋರಾಗಿ ಹಾಡಿದರು. ಹತ್ತಾಬ್ ಆ ಓಲಾಟಕ್ಕೆ ಸರಿಯಾಗಿ ತಾಳ ಹಿಡಿದ.

"ರೀ..." ಎಂದಳು ಮನ್ನೂಬಿಯಾ. ಬೀಜದ ಪೊಟ್ಟಣ ಕೈಜಾರಿತ್ತು.

"ಮಾತಾಡ್ಬೇಡ."

ಬ್ರೇಕು ಒತ್ತಿದರೆ ತಳ್ಳು ಹೆಚ್ಚುತ್ತಿತ್ತು. ಒತ್ತುವುದನ್ನು ಬಿಟ್ಟ. ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು, ದೇವರ ಹೆಸರು ಹೇಳುತ್ತ, ಹಳ್ಳದ ತಳದವರೆಗೆ ಹಾಗೇ ಬಿಟ್ಟ. ಕಣಗಿಲೆ ಪೊದೆಗಳು ಸರ್ರನೆ ಹಿಂದಾದವು. ಎದುರಿನ ಏರು ಸಿಕ್ಕಿತು. ಏರೇ ಕೈಚಾಚಿ ಹಿಡಿದು ನಿಲ್ಲಿಸಿದ ಹಾಗೆ ಗಾಡಿ ನಿಧಾನವಾಗಿ, ಕೆಮ್ಮಿ, ನಿಂತಿತು.

"ಹತ್ತಾಬ್! ಕಲ್ಲು! ಚಕ್ರಕ್ಕೆ ಕಲ್ಲು!"

ಹತ್ತಾಬ್ ಡೋಲನ್ನು ಕೊರಳಲ್ಲೇ ತೂಗಾಡಿಸಿಕೊಂಡು ಹಾರಿ ಬಂದು ಕಲ್ಲು ಕೊಟ್ಟ. ಖಮೈಸ್ ಇಳಿದ. ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕೊಕ್ಕೆಯನ್ನು ನೋಡಿದ, ಟ್ರೇಲರು ನೋಡಿದ, ಮುಂದಿನ ಏರು ನೋಡಿದ. ನೆತ್ತಿಯ ಆಚೆಗಿನ ಇಳಿಜಾರು ಇಲ್ಲಿಂದ ಕಾಣುತ್ತಿರಲಿಲ್ಲ. ಆದರೆ ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಾವಿಯ ಮುಂದಿನ ಬಯಲಿನಲ್ಲಿ. ಅಲ್ಲಿ ಇಷ್ಟು ಹೊತ್ತಿಗೆ ಊರಿಗೆ ಊರೇ ಸೇರಿರುತ್ತದೆ, ಮುದುಕಿಯರು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು.

"ಯಾಕಣ್ಣ ನಿಲ್ಲಿಸ್ದೆ? ಎಳಿ!" ಎಂದು ದಲೆಂದಾ ಪಿಕಪ್ಪಿನ ಮೇಲಿನಿಂದ ಕೂಗಿದಳು.

"ಎಳೆಯೋಕೆ ಎಳೆಯುತ್ತೆ ಕಣೇ," ಎಂದ ಖಮೈಸ್. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಇಷ್ಟು ವರ್ಷ ನಾನು ಅದೊಂದೇ ಲೆಕ್ಕ ಹಾಕ್ತಿದ್ದೆ, ಎಳೆಯುತ್ತೋ ಇಲ್ವೋ ಅಂತ. ನಿಲ್ಲಿಸೋದು ಯಾರು? ಟ್ರೇಲರಿಗೆ ಬ್ರೇಕಿಲ್ಲ. ಅದನ್ನೂ ಇದೇ ಮುದುಕಿ ಹಿಡಿದು ನಿಲ್ಲಿಸಬೇಕು. ಆಗಲ್ಲ. ನನ್ನ ಮಬ್ರೂಕಾ ಕೈಲಿ ಇದು ಆಗಲ್ಲ."

ಅವನ ಬಾಯಿಂದ ಆಗಲ್ಲ ಎಂಬ ಮಾತನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಹತ್ತಾಬ್ ಡೋಲಿನ ಮೇಲಿಂದ ಕೈ ತೆಗೆದ.

ದಲೆಂದಾ ಕೆಳಗಿಳಿದಳು. ಮುಖ ಬಿಳುಪೇರಿತ್ತು. "ಹಾಗಾದ್ರೆ ಅರ್ಧ ಇಲ್ಲಿ ಇಳಿಸು. ಅರ್ಧ ಮೊದಲು ಹೋಗಲಿ." ಅವಳು ಸೆರಗನ್ನು ಕಣ್ಣಿಗೊತ್ತಿಕೊಂಡಳು. "ಮಗಳಿಗೂ ಅದೇ ಹೆಸರು ಬರಲಿ ಬಿಡು."

ಅಷ್ಟರಲ್ಲಿ ಮನ್ನೂಬಿಯಾ ಹಗ್ಗ ಸಡಿಲಿಸಿ, ಒಂದು ಹಾಸಿಗೆಯ ಹೊಲಿಗೆಯೊಳಗೆ ಬೆರಳು ತೂರಿಸಿ ಹೊರಗೆಳೆದಳು. ಬೆರಳು ಮಿನುಗುತ್ತಿತ್ತು.

"ದಲೆಂದಾ, ಇದು ಒದ್ದೆ!"

"ಸ್ವಲ್ಪ ತೇವ ಇದ್ರೆ..."

"ಸ್ವಲ್ಪಾನಾ? ಹಿಂಡಿದ್ರೆ ಕೊಡ ತುಂಬುತ್ತೆ! ನಾವು ಫ್ರಿಜ್ಜಿನ ತಲೆ ಮೇಲೆ ಕೆರೆ ಹೊತ್ಕೊಂಡು ಬಂದಿದೀವಿ!"

ಆಗ ಒಂದೊಂದೇ ಹೊರಬಂತು. ಕುರಿಯ ವಾಸನೆ ಇರುವ ಉಣ್ಣೆಯ ಮೇಲೆ ಮಲಗಿದರೆ ತನಗೆ ತಲೆನೋವು ಬರುತ್ತದೆ ಎಂದು ಬೀಗಿತ್ತಿ ಜಾಜಿಯಾ ಸಂತೆಯಲ್ಲಿ ಯಾರ ಹತ್ತಿರವೋ ಅಂದಿದ್ದಳಂತೆ. ಅದು ಕಿವಿಗೆ ಬಿದ್ದ ಮೇಲೆ ದಲೆಂದಾಳಿಗೆ ನಿದ್ದೆ ಹತ್ತಿರಲಿಲ್ಲ. ಒಮ್ಮೆ ತೊಳೆದಿದ್ದ ಉಣ್ಣೆಯನ್ನು ಮತ್ತೆ ತೊಳೆದಳು. ಮಾಳಿಗೆಯ ಮೇಲೆ ಹರವಿದರೆ ಅಷ್ಟೊಂದು ಉಣ್ಣೆಗೆ ನೆರೆಯವರ ದೃಷ್ಟಿ ತಾಗದೆ ಇರುತ್ತದೆಯೇ? ಬಾಗಿಲು ಹಾಕಿದ ಕೋಣೆಯಲ್ಲಿ, ಮೇಲೆ ಹೊದಿಕೆ ಮುಚ್ಚಿ ಒಣಗಿಸಿದಳು. ಮೇಲ್ಮೈ ಒಣಗಿತು. ಅಷ್ಟಕ್ಕೇ ತುಂಬಿ ಹೊಲಿದುಬಿಟ್ಟಳು.

ಖಮೈಸ್ ತಂಗಿಯನ್ನು ನೋಡಿದ. ಬೈಯಬೇಕು ಎಂದು ಬಾಯಿ ತೆರೆದವನಿಗೆ, ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಉಣ್ಣೆ ತಿರುವಿ ಹಾಕುತ್ತಿರುವ ದಲೆಂದಾ ಕಣ್ಣಿಗೆ ಕಟ್ಟಿ, ನಗು ಉಕ್ಕಿಬಂತು. ಅವನ ನಗು ಹೆಂಡತಿಗೆ ಅಂಟಿತು. ಕಡೆಗೆ ದಲೆಂದಾಳೂ ಸೆರಗಿಗೆ ಮೂಗು ಒರೆಸಿಕೊಂಡು ನಕ್ಕಳು.

"ಬಿಚ್ಚಿ," ಎಂದ ಖಮೈಸ್. "ಎಲ್ಲಾ ಹೊಲಿಗೆ ಬಿಚ್ಚಿ. ಇಷ್ಟೊಂದು ಬಿಸಿಲು ಬಿಟ್ಟಿ ಬಿದ್ದಿದೆ. ನೀರು ಇಲ್ಲೇ ಉಳೀಲಿ, ಉಣ್ಣೆ ಮಾತ್ರ ಕರ್ಕೊಂಡು ಹೋಗೋಣ."

"ಬಯಲಿನಲ್ಲಾ? ಎಲ್ಲರ ಕಣ್ಣಿಗೂ ಬೀಳುತ್ತಲ್ಲಣ್ಣ!"

"ಬೀಳಲಿ."

ಹೆಂಗಸರು ಹಲ್ಲಿನಿಂದಲೇ ದಾರ ಕಡಿದರು. ಬಂಡೆಗಳ ಮೇಲೆ, ಕೊಯ್ದ ಹೊಲದ ಕೂಳೆಯ ಮೇಲೆ, ಕಂಬಳಿ ಹಾಸಿ ಅದರ ಮೇಲೆ, ಉಣ್ಣೆಯನ್ನು ಬಿಡಿಸಿ ಬಿಡಿಸಿ ಹರವಿದರು. ಹಾಸಿಗೆಯೊಳಗೆ ಮುದುಡಿ ಕೂತಿದ್ದಾಗ ಇಷ್ಟಿದ್ದದ್ದು, ಗಾಳಿ ಕುಡಿದು ಅಷ್ಟಾಯಿತು. ಒಂದು ಹಾಸಿಗೆ ಒಂದು ಹೊಲವನ್ನೇ ಹಿಡಿಯಿತು. ಏರಿನ ಆ ಮೈ ಹಳ್ಳದಿಂದ ನೆತ್ತಿಯ ತನಕ ಬೆಳ್ಳಗಾಯಿತು. ಹತ್ತಾಬ್ ಸುಮ್ಮನೆ ಕೂರಲಾಗದೆ ಡೋಲು ಬಾರಿಸಿದ.

ಡೋಲು ಕೇಳಿಸುತ್ತದೆ, ಮೆರವಣಿಗೆ ಕಾಣಿಸುವುದಿಲ್ಲ; ಬೀಗರ ಊರಿನವರು ಎಷ್ಟು ಹೊತ್ತು ಕಾದಾರು? ನೆತ್ತಿಯ ಮೇಲೆ ಒಂದು ತಲೆ ಕಾಣಿಸಿತು, ಹತ್ತು ಕಾಣಿಸಿದವು, ಆಮೇಲೆ ಸಾಲಿಗೆ ಸಾಲೇ. ಎಲ್ಲರಿಗಿಂತ ಮುಂದೆ ಜಾಜಿಯಾ, ಸೊಂಟಕ್ಕೆ ಕೈಕೊಟ್ಟು. ದಲೆಂದಾ ಅಣ್ಣನ ತೋಳು ಹಿಡಿದುಕೊಂಡಳು.

ಜಾಜಿಯಾ ನೆತ್ತಿಯಿಂದ ಹಳ್ಳದ ತನಕ ಕಣ್ಣು ಹಾಯಿಸಿದಳು.

"ಇದೆಲ್ಲಾ ನಮ್ಮ ಹುಡುಗಿದಾ?"

"ಅವಳದೇ," ಎಂದಳು ದಲೆಂದಾ, ಕೇಳಿಯೂ ಕೇಳದಷ್ಟು ಮೆಲ್ಲಗೆ.

"ಯಾ ರಬ್ಬೀ, ನನ್ನ ದೇವರೇ! ಸೊಸೆ ಹಾಸಿಗೆ ತರ್ತಾಳೆ ಅಂದ್ಕೊಂಡಿದ್ದೆ. ಇವಳು ಬೆಟ್ಟಕ್ಕೇ ಹೊದಿಸೋಳು!" ಎಂದು ಜಾಜಿಯಾ ಬಗ್ಗಿ ಒಂದು ಹಿಡಿ ಉಣ್ಣೆ ಎತ್ತಿ ಮೂಗಿಗೆ ಹಿಡಿದಳು. ದಲೆಂದಾ ಉಸಿರು ಬಿಗಿಹಿಡಿದಳು. "ಏನು ಬೀಗಿತ್ತಿ, ಎಷ್ಟು ಸಲ ತೊಳೆದ್ರಿ ಇದನ್ನ? ಬರೀ ಸಾಬೂನಿನ ವಾಸನೆ. ಒಂದು ಚೂರು ಕುರಿ ವಾಸನೆ ಉಳಿಸಬಾರದಾಗಿತ್ತಾ?"

"ನಿಮಗೆ ತಲೆನೋವು ಬರುತ್ತೆ ಅಂತ..."

"ನನಗಾ? ಅದು ನಮ್ಮ ನಾದಿನಿಗೆ! ಅವಳಿಗೆ ಗುಲಾಬಿ ಮೂಸಿದ್ರೂ ತಲೆ ನೋಯುತ್ತೆ!"

ಮನ್ನೂಬಿಯಾ ಲೂಲೂ ಎಂದು ಕೂಗಿದಳು. ನೆತ್ತಿಯ ಮೇಲಿದ್ದ ಹೆಂಗಸರೆಲ್ಲ ಅದನ್ನು ಎತ್ತಿಕೊಂಡು ಇಳಿದು ಬಂದರು. ಯಾರೋ ಸೂಜಿ ದಾರ ತಂದರು, ಯಾರೋ ರೊಟ್ಟಿ, ಆಲಿವ್ ಎಣ್ಣೆ, ಕಲ್ಲಂಗಡಿ. ಒಂದು ಕಡೆ ಉಣ್ಣೆ ಬಡಿಯುವವರು, ಇನ್ನೊಂದು ಕಡೆ ತುಂಬಿ ಹೊಲಿಯುವವರು. ಯಾರು ಯಾವ ಕಡೆಯ ನೆಂಟರೋ ಗೊತ್ತಾಗದ ಹಾಗೆ ಕಲಸಿಹೋದರು.

ತುದಿಯ ಭಾರಕ್ಕೆ ಟ್ರೇಲರು ಮತ್ತೆ ಬಾಲ ಬೀಸದಿರಲೆಂದು ಖಮೈಸ್ ಬೀಗರ ಗಂಡಸರನ್ನು ಕರೆದು ಫ್ರಿಜ್ಜನ್ನು ತುದಿಯಿಂದ ಎತ್ತಿಸಿ, ಟ್ರೇಲರಿನ ಚಕ್ರಕ್ಕಿಂತ ತುಸು ಮುಂದೆ, ಕೊಕ್ಕೆಯ ಕಡೆಗೆ ಕೂರಿಸಿದ. ಹಿಂದಿನಿಂದ ನೋಡುವವರಿಗೆ ಅದು ಕಾಣುತ್ತಿರಲಿಲ್ಲ. ದಲೆಂದಾ ಅದನ್ನು ನೋಡಿ, ತಾನೇ ಮುಂದೆ ಬಂದು ಹಗ್ಗ ಬಿಗಿದಳು.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಹೊರಟರು. ಮುಂದೆ ಡೋಲು, ಅದರ ಹಿಂದೆ ಮಬ್ರೂಕಾ, ಟ್ರೇಲರು. ಟ್ರೇಲರಿನ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ತಲೆಯ ಮೇಲೆ ಹಾಸಿಗೆ ಹೊತ್ತು. ನೆತ್ತಿ ಹತ್ತಿದಾಗ ಖಮೈಸ್ ಕನ್ನಡಿಯಲ್ಲಿ ನೋಡಿದ. ಸಾಲು ಇನ್ನೂ ಹಳ್ಳದಿಂದ ಏರಿ ಬರುತ್ತಲೇ ಇತ್ತು. ಆಚೆಯ ಇಳಿಜಾರಿನಲ್ಲಿ ಬ್ರೇಕು ಒತ್ತಿದ. ಮಬ್ರೂಕಾ ನಿಧಾನವಾಯಿತು, ಹಿಂದಿದ್ದದ್ದೂ ಮಾತು ಕೇಳಿತು.

ಬಾವಿಯ ಮುಂದೆ ಸಾಮಾನು ಇಳಿಸಿ, ಚಹಾ ಕುಡಿದು ಮುಗಿದ ಮೇಲೆ ಜಾಜಿಯಾ ಒಂದು ದೊಡ್ಡ ಡಬ್ಬಿ ಆಲಿವ್ ಎಣ್ಣೆ ತಂದು ಪಿಕಪ್ಪಿನಲ್ಲಿಟ್ಟಳು, ಅದರ ಮೇಲೆ ಅಂಜೂರದ ಬುಟ್ಟಿ, ಅದರ ಮೇಲೆ ಕಲ್ಲಂಗಡಿ.

"ಇನ್ನೂ ಹಾಕ್ಲಾ ಅಣ್ಣ?"

ಹತ್ತಾಬ್, ಮನ್ನೂಬಿಯಾ, ದಲೆಂದಾ ಮೂವರೂ ಅವನ ಬಾಯನ್ನೇ ನೋಡಿದರು.

"ಒಂದು ನಿಮಿಷ ತಾಯಿ," ಎಂದು ಖಮೈಸ್ ಗಾಡಿಯ ಹಿಂದಕ್ಕೆ ಹೋಗಿ, ಭಾರ ಎಷ್ಟಾಗಿದೆ ಎಂದು ನೋಡಲು ಬಗ್ಗಿದ. ಕೊಕ್ಕೆಗೆ ಒಂದು ಎಳೆ ಬಿಳಿ ಉಣ್ಣೆ ಸಿಕ್ಕಿಕೊಂಡಿತ್ತು. ತೆಗೆಯಲೆಂದು ಬೆರಳು ಚಾಚಿದವನು ಹಾಗೇ ಬಿಟ್ಟ. ಪೂರ್ತಿ ಒಣಗಿತ್ತು, ಗಾಳಿ ಇದೆಯೋ ಇಲ್ಲವೋ ಎನ್ನುವಂಥ ಗಾಳಿಗೂ ಎದ್ದು ಕೂರುತ್ತಿತ್ತು.