ಐತವಾರದ ಗೌಂಡಿ

ಗಂಡನ ಹೆಸರು ಹೇಳಬಾರದಂತೆ. ಹೇಳದಿದ್ದರೆ ಈ ಕಥೆ ಮುಂದೆ ಹೋಗುವುದಿಲ್ಲ, ಅದಕ್ಕೆ ಹೇಳಿಯೇಬಿಡುತ್ತೇನೆ: ಹುಸೇನಪ್ಪ. ಗೌಂಡಿ ಕೆಲಸದವನು. ಹೈದರಾಬಾದಿನಲ್ಲಿ ಕಂಡವರಿಗೆಲ್ಲ ಅಡುಗೆಮನೆ ಕಟ್ಟಿಕೊಟ್ಟಿದ್ದಾನೆ. ಜೀಡಿಮೆಟ್ಲಾದ ನಮ್ಮ ತಗಡಿನ ಮನೆಯಲ್ಲಿ ಮಾತ್ರ ಅಡುಗೆಮನೆ ಅಂದರೆ ಒಂದು ಮೂಲೆ, ನೆಲದ ಮೇಲೊಂದು ಗ್ಯಾಸ್ ಒಲೆ, ಅದರ ಮುಂದೆ ಮೊಣಕಾಲು ಹಿಡಿದುಕೊಂಡು ಕೂತ ನಾನು. "ಮುಂದಿನ ಐತವಾರ ಒಲಿಗೊಂದು ಕಟ್ಟಿ ಕಟ್ತೀನಿ" ಎನ್ನುತ್ತ ನಾಲ್ಕು ವರ್ಷ ತಳ್ಳಿದ.

ನಾನೂ ಅವನ ಜೊತೆಗೇ ಕೆಲಸಕ್ಕೆ ಹೋಗುವವಳು. ಅವನು ಕಟ್ಟುತ್ತಾನೆ, ನಾನು ಹೊರುತ್ತೇನೆ. ಹದಿನಾಲ್ಕು ವರ್ಷ ತಲೆಯ ಮೇಲೆ ಇಟ್ಟಿಗೆ ಹೊತ್ತೆ, ಸಿಮೆಂಟಿನ ಮಾಲು ಹೊತ್ತೆ. ಮಾಲು ಮೆತ್ತುವ ಕರಣಿ ಮಾತ್ರ ಕೈಗೆ ಕೊಡಲಿಲ್ಲ. ಹೆಂಗಸರು ಕರಣಿ ಹಿಡಿಯುವುದಿಲ್ಲವಂತೆ! ಯಾರು ಹೇಳಿದರೋ. ಮಧ್ಯಾಹ್ನ ಉಂಡು ಅವನು ಗೊರಕೆ ಹೊಡೆಯುವಾಗ ನಾನು ಮೆಲ್ಲಗೆ ಎರಡು ಸಾಲು ಕಟ್ಟಿಬಿಡುತ್ತಿದ್ದೆ. ಎದ್ದವನು ಗೋಡೆ ನೋಡಿ, "ಇವತ್ತ ನನ್ನ ಕೈ ಭಾಳ ಚಲೋ ಓಡೈತಿ" ಎಂದು ಮೀಸೆ ತಿರುವುತ್ತಿದ್ದ.

ಆ ಐತವಾರ ಅವನು ಏಳುವುದರೊಳಗೆ ನಾನು ಇಟ್ಟಿಗೆ ನೀರಿಗೆ ಹಾಕಿ, ಸಾಲು ನೆಟ್ಟಗೆ ಬರಲೆಂದು ದಾರ ಕಟ್ಟಿ ಕೂತಿದ್ದೆ.

"ಇದೇನಲೇ?"

"ಇವತ್ತ ನಾ ಕಟ್ತೀನಿ. ನೀ ಮಾಲು ಕಲಸು."

ಹೊಟ್ಟೆ ಹಿಡಿದುಕೊಂಡು ನಕ್ಕ. "ಕಟ್ಟು ಕಟ್ಟು. ಸಂಜೀಕ ಒಡದು ಕಟ್ಟಾಕ ನಾ ಇದ್ದೇ ಇದೀನಿ."

ನನಗೆ ಬೇಕಾಗಿದ್ದುದು ಬರೀ ಕಟ್ಟೆಯಲ್ಲ. ಇದನ್ನು ನನ್ನ ಹೆಂಡತಿ ಯಂಕಮ್ಮ ಕಟ್ಟಿದಳು ಎಂದು ಅವನು ತನ್ನ ಬಾಯಿಂದಲೇ ನಾಲ್ಕು ಜನರ ಮುಂದೆ ಹೇಳಬೇಕಿತ್ತು. ಅಷ್ಟು ಸಿಕ್ಕರೆ ಸಾಕು ಎಂದು ಮೊದಲ ಇಟ್ಟಿಗೆ ಇಟ್ಟೆ.

"ಮಾಲ್!" ಎಂದು ಕೂಗಿದೆ. ತಂದ. "ಇದೇನ್ ಮಾಲೋ, ಅಂಬಲಿಯೋ? ನೀರ ಎಷ್ಟ ಹಾಕೀದಿ?" ಎಂದೆ. ಇನ್ನೊಂದು ಸಲ ತಂದ. "ಏನ್ ಮದಿವಿ ಮೆರವಣಿಗಿ ಬಂದಂಗ ಬರ್ತೀಯೋ, ಕಾಲು ಎತ್ತಿ ಇಡು!" ಎಂದೆ. ಹದಿನಾಲ್ಕು ವರ್ಷ ಕೇಳಿಸಿಕೊಂಡ ಬೈಗುಳ ಒಂದೂ ಮರೆತಿರಲಿಲ್ಲ. ಅಯ್ಯೋ, ಬೈಯುವುದರಲ್ಲಿ ಎಂಥ ಸುಖ ಇದೆ ಎಂದು ಅವತ್ತೇ ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಅವನ ಸೊಂಟ ಹಿಡಿಯಿತು, ಮುಖ ಊದಿತು. ಬುಟ್ಟಿಯನ್ನು ಹೊಸ್ತಿಲಲ್ಲೇ ದಬಕ್ಕನೆ ಇಟ್ಟು ಹೋಗತೊಡಗಿದ. ಒಳಗೆ ಬಂದು ಒಮ್ಮೆಯಾದರೂ ನೋಡಲಿಲ್ಲ.

ಸಂಜೆ ನಾನು ಬಚ್ಚಲಲ್ಲಿ ಕೈ ತೊಳೆಯುವಾಗ ಗುತ್ತೇದಾರ ಅಮರಯ್ಯ ಬಂದರು. ಮರುದಿನ ಕೊಂಡಾಪುರದ ಒಂದು ಫ್ಲ್ಯಾಟಿನಲ್ಲಿ ಅಡುಗೆಮನೆಯ ಕೆಲಸ ಇದೆ ಎಂದು ಹೇಳಲು ಬಂದವರು ಕಟ್ಟೆ ನೋಡಿ ಅಲ್ಲೇ ನಿಂತರು.

"ಅರೆ, ಬಾಗುಂದಿ! ಭಾಳ ಚಲೋ ಐತಿ! ಸಾಲು ಏನ್ ನೆಟ್ಟಗ ಅದಾವೋ ಹುಸೇನಪ್ಪ! ಯಾರ ಕೈಯಿದು?"

"ಮತ್ತ ಯಾರದ್ದರಿ ಸಾವಕಾರ್ರ? ನಂದ!"

ನನ್ನ ಮೈಯೆಲ್ಲ ಉರಿದುಹೋಯಿತು. ತಂಬಿಗೆ ಎತ್ತಿ ಒಗೆಯಬೇಕು ಅನ್ನಿಸಿತು. ಆದರೆ ಅದನ್ನು ಕೆಳಗಿಟ್ಟೆ. ಎಲ್ಲಿಯ ತನಕ ಹೋಗುತ್ತಾನೋ ಹೋಗಲಿ ಎಂದು ಬಾಗಿಲಿಗೆ ಬಂದು ನಿಂತೆ.

ಅಮರಯ್ಯ ಬಗ್ಗಿದರು. "ಬುಡದಾಗ ಎರಡ ಸಾಲು ನಾಕ ಬೆರಳು ಒಳಗ ಸರಿಸೀದಿ. ಯಾಕ?"

ನನ್ನ ಗಂಡನೂ ಬಗ್ಗಿದ. ಅವನು ಅದನ್ನು ಮೊದಲ ಸಲ ನೋಡಿದ್ದೇ ಆಗ. "ಅದು... ಇಲಿ ಬರ್ತಾವಲ್ರಿ..."

"ಇಲಿಗೆ ಮನಿ ಕಟ್ಟೀದಿಯೇನು?"

"ಅಲ್ರಿ, ಗಾಳಿ ಆಡ್ಲಿ ಅಂತ..." ಎಂದು ನನ್ನ ಕಡೆ ಕಣ್ಣು ಹೊರಳಿಸಿದ. ನಾನು ಉಗುರಿನ ಸಂದಿಯ ಸಿಮೆಂಟು ಕೆರೆಯುತ್ತ ನಿಂತೆ. ಬೆವರು ಒರೆಸಿಕೊಂಡ.

"ಅಕಿನ್ನ ಕೇಳ್ರಿ. ನಾ ಸುಳ್ಳ ಹೇಳಿದೆ. ಕಟ್ಟಿದಾಕಿ ಅಕಿ."

ನಾನು ಕಟ್ಟೆಯ ಮುಂದೆ ಹೋಗಿ ನಿಂತೆ. ಬುಡ ತೋರಿಸಿ ಹೇಳಿದೆ: "ನಿಂತು ಅಡಿಗಿ ಮಾಡೋರಿಗೂ ಪಾದ ಇರ್ತಾವ್ರಿ. ಬುಡ ನೆಟ್ಟಗಿದ್ರ ಬೆರಳು ಬಡೀತಾವ. ಹಿಂದ ಸರದ್ರ ಸೊಂಟ ಬಗ್ಗತೈತಿ. ನೀವ್ ಯಾವತ್ತರ ನಿಂತು ರೊಟ್ಟಿ ಬಡದೀರೇನು?"

ಅಮರಯ್ಯ ಚಪ್ಪಲಿ ಕಳಚಿ, ಆ ಸಂದಿಯೊಳಗೆ ಪಾದ ತೂರಿಸಿ, ಗಾಳಿಯಲ್ಲೇ ನಾಲ್ಕು ರೊಟ್ಟಿ ಬಡಿದು ನೋಡಿದರು. "ಖರೆ ಐತಿ ನೋಡು" ಎಂದು ನಕ್ಕರು. ಹೊರಡುವಾಗ, "ನಾಳೆ ಅಲ್ಲೂ ಹಿಂಗ ಕಟ್ಟು ಹುಸೇನಪ್ಪ. ಯಂಕಮ್ಮ ಮಾಲು ಕೊಡ್ಲಿ" ಎಂದರು.

"ಅಕಿನ ಕಟ್ತಾಳ್ರಿ" ಎಂದ ನನ್ನ ಗಂಡ.

"ಹೆಂಗಸು ಕರಣಿ ಹಿಡದ್ರ ಮಂದಿ ನಗ್ತಾರೋ."

"ನಗ್ಲಿ ಬಿಡ್ರಿ. ಅಕಿ ಕೈಯಾಗ ಕರಣಿ ಇಲ್ಲಂದ್ರ ನಾನೂ ಬರಂಗಿಲ್ಲ. ಬ್ಯಾರೆ ಗೌಂಡಿ ನೋಡ್ಕೋರಿ."

ಅಮರಯ್ಯ ಅವನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೊಮ್ಮೆ ಕಟ್ಟೆ ನೋಡಿದರು. "ಎಂಟು ಗಂಟೇಕ ಬಾ ತಂಗಿ. ತಡ ಮಾಡಬ್ಯಾಡ" ಎಂದು ಗಾಡಿ ಹತ್ತಿದರು.

ಅವನ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ ಕಣ್ಣಲ್ಲಿ ನೀರೇ ಬಂತು. ಹೇಳಿದರೆ ತಲೆಯ ಮೇಲೆ ಹತ್ತಿ ಕೂರುತ್ತಾನೆ. ಅದಕ್ಕೇ ಹೇಳಲಿಲ್ಲ.

"ನಾಳೆ ಮಾಲಿನಾಗ ನೀರ ಕಮ್ಮಿ ಹಾಕು" ಎಂದೆ.

"ಆತ್ರಿ" ಎಂದ. ಮದುವೆಯಾದ ಮೇಲೆ ಅವನು ನನಗೆ 'ರಿ' ಹಚ್ಚಿದ್ದು ಅದೇ ಮೊದಲು.